ಸುಗ್ಗಿ ಮುಗಿದ ಮೇಲಿನ ರೈಲು

ಮುಂಡಗೋಡ ತಾಲೂಕಿನಲ್ಲಿ ರೈಲು ಹಳಿ ಇಲ್ಲ. ಪಕ್ಕದ ಹಳಿಯಾಳದವರಿಗೆ ಅಳ್ನಾವರ ಹತ್ತಿರ. ಜೋಯಿಡಾದವರಿಗೆ ಕ್ಯಾಸಲ್‌ರಾಕ್ ಇದೆ, ತಿನೈಘಾಟ ಇದೆ. ದಾಂಡೇಲಿಗಂತೂ ಕಾಡಿನ ಮರ ಸಾಗಿಸಲೆಂದು 1919ರಲ್ಲೇ ಹಳಿ ಬಂದಿತ್ತು. ಸನವಳ್ಳಿಯ ನಮಗೆ ರೈಲೆಂದರೆ ಹುಬ್ಬಳ್ಳಿಯೇ. ಊರಿನಿಂದ ಮುಂಡಗೋಡಕ್ಕೆ ಬರಬೇಕು, ಅಲ್ಲಿ ಕೆಂಪು ಬಸ್ಸು ಹತ್ತಿ ತಡಸದ ಮೇಲಿಂದ ಹೋಗಬೇಕು. ರಾತ್ರಿ ಎಷ್ಟು ಕಿವಿಗೊಟ್ಟರೂ ಡ್ಯಾಮಿನ ಕಡೆಯಿಂದ ಕಪ್ಪೆಯ ದನಿ ಬರುತ್ತಿತ್ತೇ ಹೊರತು ರೈಲಿನ ಸಿಳ್ಳು ಬರುತ್ತಿರಲಿಲ್ಲ. ಹಳಿಯ ಪಕ್ಕ ಬೆಳೆದವರಿಗಿಂತ ನಮ್ಮಂಥವರಿಗೆ ರೈಲಿನ ಆಸೆ ಒಂದು ಗುಂಜಿ ಹೆಚ್ಚೇ ಎಂದು ನಾನು ಈಗಲೂ ನಂಬಿದ್ದೇನೆ.

ಆ ಆಸೆ ತೀರಿಸಿದವನು ನಮ್ಮ ಸೋದರಮಾವ. ಅವ್ವನ ತಮ್ಮ, ಮಿಲಿಟರಿಯಲ್ಲಿದ್ದ. 2000ದ ಆಸುಪಾಸಿನಲ್ಲಿ ಅವನಿಗೆ ಶಿಮ್ಲಾಕ್ಕೆ ವರ್ಗವಾಯಿತು. ಅತ್ತೆಯನ್ನೂ ಕರೆದುಕೊಂಡು ಹೋದ. ದೀಪಾವಳಿಯ ಹೊತ್ತಿಗೆ ನೀಲಿ ಇನ್‌ಲ್ಯಾಂಡ್ ಪತ್ರ ಬಂತು: "ಸುಗ್ಗಿ ಮುಗಿಸಿಕೊಂಡು ಎಲ್ಲಾರೂ ಬರ್ರಿ. ಹುಡುಗರಿಗೆ ಬರ್ಫ ತೋರಸ್ತೀನಿ. ಅವ್ವನ್ನೂ ಕರಕೊಂಡು ಬರ್ರಿ." ಗದ್ದೆಯವರಿಗೆ ಪ್ರವಾಸದ ಕಾಲ ಶಾಲೆಯ ರಜೆ ನೋಡಿ ಬರುವುದಿಲ್ಲ. ಭತ್ತ ಕೊಯ್ದು, ಬಡಿದು, ಚೀಲ ತುಂಬಿ ಮನೆಗೆ ಬಂದ ಮೇಲೆ ಬರುತ್ತದೆ. ಅದೃಷ್ಟಕ್ಕೆ ಹಿಮಾಲಯದಲ್ಲಿ ಹಿಮ ಬೀಳುವುದೂ ಆಗಲೇ. ಸಂಕ್ರಾಂತಿ ಮುಗಿಸಿ, ಮಾಸ್ತರರ ಒಪ್ಪಿಗೆ ಪಡೆದು ಹೊರಟೆವು. ಮಾವ ಅಲ್ಲಿರುವ ತನಕ ಅದು ಮನೆಯ ರೂಢಿಯೇ ಆಯಿತು.

ಹಿಮಕ್ಕೆ ಹೋಗಲು ಬೆಚ್ಚಗಿನ ಬಟ್ಟೆ ಬೇಕಲ್ಲ. ಅದಕ್ಕೆ ಮುಂಡಗೋಡಕ್ಕಿಂತ ಒಳ್ಳೆಯ ಊರು ಇಡೀ ಕರ್ನಾಟಕದಲ್ಲಿ ಸಿಗುವುದು ಕಷ್ಟ. 1966ರಲ್ಲಿ ಟಿಬೇಟಿ ನಿರಾಶ್ರಿತರಿಗೆಂದು ಇಲ್ಲಿ ಸುಮಾರು 4,000 ಎಕರೆ ಕಾಡುಭೂಮಿ ಕೊಟ್ಟರು. ಡೇರೆ ಹಾಕಿಕೊಂಡು, ಬಿದಿರು ಕಡಿದು, ನೆಲ ಹಸನು ಮಾಡಿ ಅವರು ಗೋವಿನಜೋಳ ಬಿತ್ತಿದರು. ಮುಂದೆ ಡ್ರೆಪುಂಗ್, ಗಾಂದೆನ್ ಎಂಬ ದೊಡ್ಡ ಮಠಗಳೇ ಇಲ್ಲಿ ಮರುಹುಟ್ಟು ಪಡೆದವು. ನಮ್ಮ ಬಾಯಲ್ಲಿ ಅದೆಲ್ಲ ಬರೀ 'ಕ್ಯಾಂಪ್'. ಗೋವಿನಜೋಳ ಮುರಿದ ಮೇಲೆ ಕ್ಯಾಂಪಿನ ಎಷ್ಟೋ ಮನೆಗಳು ಸ್ವೆಟರ್ ವ್ಯಾಪಾರಕ್ಕೆ ಹೊರಡುತ್ತವೆ. ಲೂಧಿಯಾನದಿಂದ ಮಾಲು ತಂದು, ಚಳಿ ಇರುವಷ್ಟು ದಿನ ಊರೂರುಗಳಲ್ಲಿ ಮಾರಿ, ಬೇಸಿಗೆಗೆ ಮುಂಡಗೋಡಕ್ಕೆ ಮರಳುತ್ತಾರೆ.

ಅಪ್ಪನಿಗೆ ಅಲ್ಲೊಂದು ಪರಿಚಯದ ಮನೆಯಿತ್ತು. ಆ ಮನೆಯ ಹಿರಿಯಳನ್ನು ಕ್ಯಾಂಪಿನ ಹುಡುಗರು ಮೋಲಾ ಎನ್ನುತ್ತಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು. ಪಟ್ಟೆ ಪಟ್ಟೆಯ ಮುಂಗಾಪು, ಕೈಯಲ್ಲಿ ಸದಾ ಜಪಮಣಿ, ಬಾಯಲ್ಲಿ ಹಿಂದಿ ಬೆರೆತ ನಮ್ಮ ಕಡೆಯ ಕನ್ನಡ. ನಮಗೆಲ್ಲ ಟೊಪ್ಪಿಗೆ, ಕೈಗವಸು, ದಪ್ಪ ಸ್ವೆಟರ್ ಆರಿಸಿ ಕೊಟ್ಟವಳು ಅವಳೇ. ಶಿಮ್ಲಾ ಎಂದು ಕೇಳಿ ಕೈಯ ಮಣಿ ನಿಲ್ಲಿಸಿದಳು. 1959ರಲ್ಲಿ ಹಿಮದ ಕಣಿವೆ ದಾಟಿ ನಡೆದು ಬಂದವಳು ಅವಳು. ಮುಂದೆ ಕೆಲವು ವರ್ಷ ಹಿಮಾಚಲದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದಿದ್ದಳು. ಆ ಕಾಲದಲ್ಲಿ ಸಾವಿರಾರು ಟಿಬೇಟಿಯರಿಗೆ ಭಾರತದಲ್ಲಿ ಸಿಕ್ಕ ಮೊದಲ ಕೂಲಿ ಅದೇ. ಅಲ್ಲಿಂದ ಅವರನ್ನು ರೈಲಿನಲ್ಲಿ ದಕ್ಷಿಣಕ್ಕೆ ಕಳಿಸಿದರು. ಆಗ ಹುಬ್ಬಳ್ಳಿಗೆ ಇದ್ದದ್ದು ಮೀಟರ್ ಗೇಜ್, ಉತ್ತರದಿಂದ ಬರುವವರು ನಡುವೆ ಗಾಡಿ ಬದಲಿಸಲೇಬೇಕು. "ಇಳದು ಇಳದು ಹತ್ತಿದ್ವಿ. ಒಂದೊಂದು ಸ್ಟೇಷನ್ನಿಗೂ ಬಿಸಿ ಜಾಸ್ತಿ, ಬಿಸಿ ಜಾಸ್ತಿ. ನಮ್ಮ ಚುಬಾ ಬಿಚ್ಚಿದ್ವಿ, ಬೂಟ್ ಬಿಚ್ಚಿದ್ವಿ" ಎಂದು ಆಕೆ ಹೇಳುವಾಗ ನನಗೆ ಅದು ಕತೆಯಂತೆ ಕೇಳಿತ್ತು. ಅವಳು ಬಿಚ್ಚುತ್ತ ಬಂದ ದಾರಿಯಲ್ಲೇ ನಾವು ಒಂದೊಂದಾಗಿ ತೊಡುತ್ತ ಹೋಗುವವರಿದ್ದೆವು ಎಂಬುದು ಹೊಳೆದದ್ದು ಗಾಡಿ ಹತ್ತಿದ ಮೇಲೆ.

ಬುತ್ತಿಯ ತಯಾರಿ ವಾರದಿಂದಲೇ ನಡೆಯಿತು. ಕಡಕ್ ಜೋಳದ ರೊಟ್ಟಿಯ ಥಪ್ಪಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ, ಮೊದಲ ರಾತ್ರಿಗೆಂದು ಚಪಾತಿ, ಎಣ್ಣೆಗಾಯಿ. ರಾತ್ರಿಯ ಊಟಕ್ಕೆ ಎಣ್ಣೆ ಹೆಚ್ಚು, ಮರುದಿನಕ್ಕೆ ಒಣ ಪದಾರ್ಥ, ಕೊನೆಗೆ ಸಿಹಿ ಎಂಬ ಲೆಕ್ಕ ಅವ್ವನದು. ನೀರಿಗೆ ಅಜ್ಜಿಯ ಹಿತ್ತಾಳೆಯ ಫಿರ್ಕಿ ತಂಬಿಗೆ. ಇವತ್ತಿನ ಗಾಡಿಗಳಲ್ಲಿ ಕೂತಲ್ಲೇ ಫೋನಿನಲ್ಲಿ ಊಟ ತರಿಸಿಕೊಳ್ಳಬಹುದು, ಅದು ತಪ್ಪೇನಲ್ಲ. ಆದರೆ ರೈಲಿನಲ್ಲಿ ಬುತ್ತಿ ಬಿಚ್ಚಿದಾಗ ಎದುರು ಕೂತವರಿಗೆ ಕೊಡದೆ ತಿನ್ನಲು ಬರುವುದಿಲ್ಲ. ತರಿಸಿಕೊಂಡ ಪೊಟ್ಟಣಕ್ಕೆ ಆ ಗುಣವಿಲ್ಲ, ಅದನ್ನು ಎಲ್ಲರೂ ಗೋಡೆಯ ಕಡೆ ತಿರುಗಿಯೇ ತಿನ್ನುತ್ತಾರೆ.

ಹುಬ್ಬಳ್ಳಿಯಿಂದ ಲೋಂಡಾದವರೆಗೆ ಪ್ಯಾಸೆಂಜರ್ ಗಾಡಿ. ಧಾರವಾಡ ದಾಟಿದ ಮೇಲೆ ಬಯಲು ತಗ್ಗಿ ಕಾಡು ಹತ್ತಿರವಾಗುತ್ತದೆ. ಅಳ್ನಾವರದಲ್ಲಿ ಅಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ ಎಡಕ್ಕೆ ಹೊರಳುವ ಹಳಿ ತೋರಿಸುತ್ತಿದ್ದ: "ಅದು ದಾಂಡೇಲಿಗೆ ಹೋಗೂ ಲೈನು." ಅವನ ಹರೆಯದಲ್ಲಿ ಆ ಹಳಿಯ ಮೇಲೆ ಜನರ ಗಾಡಿಯೂ ಓಡುತ್ತಿತ್ತು. ನಾವು ನೋಡುವ ಹೊತ್ತಿಗೆ ನಿಂತು ಹೋಗಿತ್ತು. 2019ರ ನವೆಂಬರ್‌ನಲ್ಲಿ ಅಂಬೇವಾಡಿಯ ತನಕ ಮತ್ತೆ ಪ್ರಯಾಣಿಕರ ಗಾಡಿ ಬಂದಾಗ ದಾಂಡೇಲಿಯ ಜನ ಎಷ್ಟು ಸಂಭ್ರಮಪಟ್ಟರೆಂದು ಬಲ್ಲವರೆಲ್ಲ ಬಲ್ಲರು. ಮರುವರ್ಷ ಕೊರೋನಾ ಬಂತು, ಗಾಡಿ ನಿಂತಿತು. ಒಂದು ಊರಿಗೆ ರೈಲು ಬಂದು ಹೋಗುವುದು ಬಾರದೇ ಇರುವುದಕ್ಕಿಂತ ದೊಡ್ಡ ದುಃಖ.

ಲೋಂಡಾದಲ್ಲಿ ಸಂಜೆಯ ತಂಪು, ಕಾಡಿನ ವಾಸನೆ. ಇಲ್ಲಿಂದ ಒಂದು ಹಳಿ ಕ್ಯಾಸಲ್‌ರಾಕ್‌ಗೆ ಹೋಗಿ ದೂಧಸಾಗರದ ಪಕ್ಕ ಘಟ್ಟ ಇಳಿಯುತ್ತದೆ. ಪೋರ್ಚುಗೀಸರ ಕಾಲದಲ್ಲಿ, 1880ರ ದಶಕದಲ್ಲಿ, ಮುರಗಾಂವ್ ಬಂದರಿಗೆಂದು ಕಡಿದ ದಾರಿ ಅದು. 37 ಅಡಿ ಮುಂದೆ ಹೋದರೆ ಒಂದಡಿ ಏರು. ಹಿಂದಿನಿಂದಲೂ ಎಂಜಿನ್ ನೂಕದೆ ಗಾಡಿ ಮೇಲೆ ಬಾರದು. ಆ ಏರು ಹತ್ತಿ ಬಂದ ಗೋವಾ ಎಕ್ಸ್‌ಪ್ರೆಸ್ ನಮ್ಮನ್ನು ಹತ್ತಿಸಿಕೊಂಡು ಬೆಳಗಾವಿಯ ಕಡೆ ತಿರುಗುತ್ತಿತ್ತು. ವಾಸ್ಕೋದಿಂದ ದೆಹಲಿಯ ನಿಜಾಮುದ್ದೀನ್‌ಗೆ ಹೋಗುವ ಗಾಡಿ. ಲೋಂಡಾದಿಂದ ಲೆಕ್ಕ ಹಾಕಿದರೆ ಎರಡು ರಾತ್ರಿ, ನಡುವೆ ಒಂದು ಇಡೀ ಹಗಲು.

ಆ ಹಗಲಿನ ಬಗ್ಗೆಯೇ ನಾನು ಹೆಚ್ಚು ಹೇಳಬೇಕು. ಘಟಪ್ರಭಾ ದಾಟುವಾಗ ಕನ್ನಡ ಮಲಗುತ್ತದೆ. ಮಿರಜದಲ್ಲಿ ಅರೆನಿದ್ದೆಯಲ್ಲಿ ಕೇಳುವ ಚಹಾದವನ ಕೂಗು ಆಗಲೇ ಮರಾಠಿ. ಬೆಳಗಾದಾಗ ದೌಂಡ–ಮನಮಾಡದ ನಡುವೆ ಎಲ್ಲೋ ಇರುತ್ತಿದ್ದೆವು: ಕಬ್ಬು, ಉಳ್ಳಾಗಡ್ಡಿಯ ಹೊಲ, ನಮ್ಮಲ್ಲಿಯದಕ್ಕಿಂತ ಕಪ್ಪು ಮಣ್ಣು. ಅಪ್ಪ ಬೇರೆ ಯಾವುದರ ಬಗ್ಗೆಯೂ ಮಾತಾಡದೆ ಮಣ್ಣನ್ನೇ ನೋಡುತ್ತಿದ್ದ. "ಇಲ್ಲಿ ನೀರ ಕಮ್ಮಿ, ಆದರ ಭೂಮಿ ಚಲೋ" ಎಂದು ಅಷ್ಟಕ್ಕೇ ನಿಲ್ಲಿಸುವನು. ಮಧ್ಯಾಹ್ನದ ಭುಸಾವಳದಲ್ಲಿ ಬಾಳೆಹಣ್ಣು. ಖಂಡವಾ ದಾಟಿದ ಮೇಲೆ ಗೋಧಿ, ಗೋಧಿ, ಮತ್ತೆ ಗೋಧಿ. ಎದ್ದು ನಿಂತ ಭತ್ತ ಬಿಟ್ಟು ಬೇರೆ ಹಸಿರು ಕಾಣದ ಅಜ್ಜಿಗೆ ಆ ಹೊಲಗಳು ಮುಗಿಯದಿರುವುದೇ ಸೋಜಿಗ: "ಇಷ್ಟೆಲ್ಲಾ ಯಾರು ತಿಂತಾರೋ ತಮ್ಮಾ?" ಎದುರಿಗಿದ್ದ ಭೋಪಾಲದ ಹೆಂಗಸು ಅಜ್ಜಿಯ ಪ್ರಶ್ನೆಯ ಅರ್ಥ ಕೇಳಿ ತಿಳಿದುಕೊಂಡಳು. ತನ್ನ ಡಬ್ಬಿಯಿಂದ ಪೂರಿ ತೆಗೆದು ಅಜ್ಜಿಯ ಕೈಗಿಟ್ಟು "ನಾವು ತಿಂತೇವೆ" ಎಂದು ಹಿಂದಿಯಲ್ಲಿ ಹೇಳಿದಳು. ಅಜ್ಜಿ ಅವಳ ಕೈಗೆ ರೊಟ್ಟಿ, ಶೇಂಗಾ ಚಟ್ನಿ ಇಟ್ಟಳು. ಅವರಿಬ್ಬರೂ ಭೋಪಾಲ ಬರುವ ತನಕ ಮಾತಾಡಿದರು. ಅವಳಿಗೆ ಕನ್ನಡ ಬಾರದು, ಅಜ್ಜಿಗೆ ಹಿಂದಿ ಬಾರದು. ಸೊಸೆಯರು, ಮೊಣಕಾಲು ನೋವು, ಮಗ ದೂರದಲ್ಲಿರುವ ಸಂಕಟ ಎಲ್ಲವೂ ಇಬ್ಬರಿಗೂ ತಿಳಿಯಿತು.

ಇಟಾರಸಿ ಬಿಟ್ಟ ಮೇಲೆ, ಹೊತ್ತು ಮುಳುಗುವ ಸಮಯಕ್ಕೆ, ನರ್ಮದೆ. ಡಬ್ಬಿಯಲ್ಲಿ ಅದುವರೆಗೆ ಇಸ್ಪೀಟು ಆಡುತ್ತಿದ್ದವರೂ ಎಲೆ ಕೆಳಗಿಟ್ಟು ಕೈಮುಗಿದರು. ಕಿಟಕಿಯಿಂದ ನಾಣ್ಯಗಳು ಹಾರಿದವು. ಸೇತುವೆಯ ಕಬ್ಬಿಣಕ್ಕೆ ಬಡಿದ ನಾಣ್ಯದ ಠಣ್ ಸದ್ದು ನನಗೆ ಇನ್ನೂ ಕೇಳುತ್ತದೆ. ಶಾಲೆಯ ನಕಾಶೆಯಲ್ಲಿ ಬೆರಳಿನಿಂದ ಎಳೆದಿದ್ದ ನೀಲಿ ಗೆರೆ ಅಷ್ಟು ಅಗಲವಿದೆಯೆಂದು, ಅದರ ಮೇಲೆ ಗಾಡಿ ಅಷ್ಟು ಹೊತ್ತು ಓಡುತ್ತದೆಂದು ಯಾವ ಮಾಸ್ತರರೂ ಹೇಳಿರಲಿಲ್ಲ. ಭೂಗೋಳದಲ್ಲಿ ನನಗೆ ಬಂದಷ್ಟೂ ಬಂದದ್ದು ಆ ಕಿಟಕಿಯಿಂದ.

ಭೋಪಾಲದಿಂದ ಚಳಿ ಒಳಗೆ ಬಂತು. ಲೋಂಡಾದಲ್ಲಿ ಒಂದು ಚಾದರ ಸಾಕಾಗಿತ್ತು. ಝಾನ್ಸಿಯ ಹೊತ್ತಿಗೆ ಸ್ವೆಟರ್ ಏರಿತು, ದೆಹಲಿಯ ಮಂಜಿನಲ್ಲಿ ಮೋಲಾ ಕೊಟ್ಟ ಟೊಪ್ಪಿಗೆ ಕಿವಿ ಮುಚ್ಚಿತು. ಮೈ ಸ್ವಲ್ಪ ಸ್ವಲ್ಪವಾಗಿ ಹಿಮಕ್ಕೆ ಒಗ್ಗುತ್ತ ಹೋಯಿತು. ಮನಸ್ಸೂ ಹಾಗೇ. ದೂರ ಎಂಬುದನ್ನು ಮೈಯಿಂದ ತಿಳಿಯದೆ ದೂರದ ಊರನ್ನು ನೋಡಿದರೆ ಅದು ಚಿತ್ರ ನೋಡಿದಷ್ಟೇ ಆಗುತ್ತದೆ. ಈ ಮಾತನ್ನು ನಾನು ಎಷ್ಟು ಸಲ ಬೇಕಾದರೂ ಹೇಳಬಲ್ಲೆ.

ದೆಹಲಿಯಲ್ಲಿ ಹಗಲು ಕಳೆದು ಹಳೆ ದಿಲ್ಲಿ ನಿಲ್ದಾಣದಿಂದ ರಾತ್ರಿ ಕಾಲ್ಕಾ ಮೇಲ್. 1866ರಿಂದ ಓಡುತ್ತಿರುವ ಗಾಡಿ ಅದು, ಹೌರಾದಿಂದ ಬರುತ್ತದೆ. 1941ರಲ್ಲಿ ಸುಭಾಷಚಂದ್ರ ಬೋಸರು ಮಾರುವೇಷದಲ್ಲಿ ಗೋಮೋ ನಿಲ್ದಾಣದಿಂದ ಹತ್ತಿ ಬ್ರಿಟಿಷರ ಕಣ್ಣು ತಪ್ಪಿಸಿದ್ದು ಇದೇ ಗಾಡಿಯಲ್ಲಿ. 2021ರಲ್ಲಿ ಇದಕ್ಕೆ ನೇತಾಜಿ ಎಕ್ಸ್‌ಪ್ರೆಸ್ ಎಂದು ಹೆಸರಾಯಿತು. ಬೋಸರ ಕತೆಯನ್ನು ಮಾವ ಆಗಲೇ ಪತ್ರದಲ್ಲಿ ಬರೆದಿದ್ದ. ರಾತ್ರಿಯಿಡೀ ನಾನು ಬರ್ತಿನ ಮೇಲಿಂದ ಕಂಬಳಿ ಹೊದ್ದವರ ಮುಖಗಳನ್ನೇ ನೋಡುತ್ತ ಮಲಗಿದ್ದೆ.

ಕಾಲ್ಕಾದಲ್ಲಿ ಬೆಳಗಿನ ಜಾವ ಎದುರಿಗೆ ನಿಂತಿದ್ದು ಸಣ್ಣ ಗಾಡಿ. ಅದನ್ನು ಕಂಡು ಮೊದಲು ಬಾಯಿಬಿಟ್ಟವಳು ಅಜ್ಜಿ: "ಅಯ್ಯ, ಇದು ನಮ್ಮ ಪಂಢರಾಪುರದ ಗಾಡಿ!" ನಾವೆಲ್ಲ ನಕ್ಕೆವು. ಆದರೆ ಅಜ್ಜಿ ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಕಡೆಯ ವಾರಕರಿಗಳು ಮಿರಜದಲ್ಲಿ ಇಳಿದು ಪಂಢರಾಪುರಕ್ಕೆ ಹಿಡಿಯುತ್ತಿದ್ದದ್ದು ಬಾರ್ಶಿ ಲೈಟ್ ರೈಲ್ವೆಯ ಸಣ್ಣ ಹಳಿಯ ಗಾಡಿ. ಅದರ ಹಳಿಯ ಅಗಲವೂ 762 ಮಿಲಿಮೀಟರ್, ಕಾಲ್ಕಾ–ಶಿಮ್ಲಾದ ಅಗಲವೂ ಅಷ್ಟೇ. ಬಾರ್ಶಿಯದು 1897ರಲ್ಲಿ ಶುರುವಾಯಿತು, ಶಿಮ್ಲಾದ್ದು 1903ರಲ್ಲಿ. ವಿಠ್ಠಲನ ದಾರಿಯ ಹಳಿ ಈಗ ದೊಡ್ಡದಾಗಿದೆ, ಆ ಸಣ್ಣ ಗಾಡಿ ಉಳಿದಿಲ್ಲ. ಹಿಮಾಲಯದ್ದು ಉಳಿದಿದೆ, 2008ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಓದು ಬರಹ ಬಾರದ ಅಜ್ಜಿ ಒಂದು ನೋಟಕ್ಕೆ ಎರಡು ಹಳಿಗಳ ಅಳತೆ ಕೂಡಿಸಿದ್ದನ್ನು ನೆನೆದರೆ ನನಗೆ ಈಗಲೂ ಹೆಮ್ಮೆ.

ಸುಮಾರು 96 ಕಿಲೋಮೀಟರ್ ದಾರಿ, 102 ಸುರಂಗ. ಅವುಗಳಲ್ಲಿ ಉದ್ದದ್ದು ಬರೋಗ್, ಒಂದು ಕಿಲೋಮೀಟರಿಗೂ ಮಿಕ್ಕಿದೆ. ಗಾಡಿ ಬೆಟ್ಟಕ್ಕೆ ಸುತ್ತು ಹಾಕುವಾಗ ನಮ್ಮದೇ ಎಂಜಿನ್ ಕಿಟಕಿಯ ಎದುರು ಕಾಣುತ್ತಿತ್ತು. ಕಳ್ಳಿ ಹೋಗಿ ಪೈನ್ ಬಂತು, ಪೈನ್ ಹೋಗಿ ದೇವದಾರು ಬಂತು. ತಂಗಿ ಸುರಂಗ ಎಣಿಸುತ್ತ ನಿದ್ದೆಹೋದಳು. ಒಂದು ತಿರುವಿನ ನೆರಳಿನಲ್ಲಿ ಹಳಿಯ ಪಕ್ಕ ಬಿಳಿಯ ತುಣುಕೊಂದು ಕಂಡಿತು. ಅವ್ವ ಅದನ್ನು ಸುಣ್ಣ ಎಂದುಕೊಂಡಳು. ಎದುರಿಗಿದ್ದ ಹಿಮಾಚಲಿ ಮುದುಕ "ಬರ್ಫ್" ಎಂದ. ತಂಗಿಯನ್ನು ಎಬ್ಬಿಸಿದೆವು.

ಮಾವ ನಮ್ಮನ್ನು ಮೊದಲು ಕುಫ್ರಿಗೆ, ಮುಂದಿನ ಚಳಿಗಾಲಗಳಲ್ಲಿ ನಾರಕಂಡಾಕ್ಕೆ ಕರೆದೊಯ್ದ. ಎರಡೂ ಹಳೆಯ ಹಿಂದೂಸ್ತಾನ–ಟಿಬೇಟ್ ರಸ್ತೆಯ ಮೇಲಿನ ಊರುಗಳು. ಹಿಮ ಚೆನ್ನಾಗಿ ಬಿದ್ದ ವರ್ಷ ಅಲ್ಲಿಯ ಇಳಿಜಾರುಗಳಲ್ಲಿ ಸ್ಕೀ ಕಲಿಸುತ್ತಾರೆ. ಬಾಡಿಗೆಗೆ ಬೂಟು ಕೊಡುತ್ತಾರೆ, ಉದ್ದನೆಯ ಎರಡು ಸ್ಕೀ ಹಲಗೆ, ಎರಡು ಕೋಲು ಕೊಡುತ್ತಾರೆ. ಕಲಿಸುವ ಹುಡುಗ ಮೊದಲು ಹೇಳಿಕೊಡುವುದು ನಿಲ್ಲುವುದನ್ನು: ಹಲಗೆಯ ಮುಂತುದಿಗಳನ್ನು ಹತ್ತಿರ ತಂದು, ಹಿಮ್ಮಡಿಗಳನ್ನು ಹೊರಕ್ಕೆ ದಬ್ಬು, ಮೊಣಕಾಲು ಮಡಿಸು, ಮೈ ಮುಂದಕ್ಕೆ ಇರಲಿ. ಹೆದರಿದವರ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ವಾಲಿದರೆ ಬಿದ್ದಂತೆಯೇ.

ನಮ್ಮಲ್ಲಿ ಬೀಳದೆ ನಿಂತವನು ಅಪ್ಪ. ಕಲಿಸುವ ಹುಡುಗನಿಗೆ ಆಶ್ಚರ್ಯವಾಗಿ, ಮೊದಲು ಎಲ್ಲಿ ಕಲಿತಿದ್ದೀರಿ ಎಂದು ಕೇಳಿದ. ಮಾವ ನಕ್ಕು ಉತ್ತರ ಹೇಳಿದ. ನಾಟಿಗೆ ಮೊದಲು ಕೆಸರುಗದ್ದೆ ಮಟ್ಟ ಮಾಡುವಾಗ ಅಪ್ಪ ಎತ್ತುಗಳ ಹಿಂದೆ ಹಲಗೆಯ ಮೇಲೆ ನಿಂತು ಹೋಗುತ್ತಾನಲ್ಲ, ಮೊಣಕಾಲು ಸಡಿಲ, ಮೈ ಮುಂದೆ, ಹಗ್ಗದ ಎಳೆತಕ್ಕೆ ತಕ್ಕಂತೆ ತೂಕ ಅತ್ತಿತ್ತ. ಹಿಮದ ಮೇಲೂ ಅವನು ನಿಂತದ್ದು ಹಾಗೆಯೇ, ಎತ್ತುಗಳಷ್ಟೇ ಇರಲಿಲ್ಲ. ಆ ಇಳಿಜಾರಿನಲ್ಲಿ ದೆಹಲಿಯ, ಚಂಡೀಗಢದ ಮಂದಿ ಬಣ್ಣದ ಜಾಕೀಟು ತೊಟ್ಟು ಸಾಲಾಗಿ ನಿಂತಿದ್ದರು. ಅವರ ನಡುವೆ ಕ್ಯಾಂಪಿನ ಸ್ವೆಟರ್, ಪ್ಯಾಂಟಿನ ಮೇಲೆ ಸುತ್ತಿದ ಧೋತರದಲ್ಲಿ ನಮ್ಮಪ್ಪ ಜಾರಿ ಬಂದು ಸರಿಯಾದ ಜಾಗದಲ್ಲಿ ನಿಂತ. ಅವ್ವ ಸೆರಗು ಸಿಕ್ಕಿಸಿಕೊಂಡು, ಮಾವನ ಕೈ ಹಿಡಿದು, ಸ್ವಲ್ಪ ದೂರ ಜಾರಿದಳು. ಅವ್ವ ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಊರಲ್ಲಿ ಕಂಡಿರಲಿಲ್ಲ.

ಕರ್ನಾಟಕದವರಿಗೂ ಸ್ಕೀಗೂ ಏನು ಸಂಬಂಧ ಎನ್ನುವವರಿಗೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳಬೇಕು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ, ಗುಲ್ಮಾರ್ಗದ ಹಿಮದ ಮೇಲೆ ಉದ್ದದೂರದ ಸ್ಕೀ ಓಟದಲ್ಲಿ ಅವರು ಕರ್ನಾಟಕಕ್ಕೆ ಪದಕ ತಂದುಕೊಟ್ಟಿದ್ದಾರೆ. ಮಳೆಯ ನಾಡಿನ ಕಾಲುಗಳು ಹಿಮಕ್ಕೂ ಒಗ್ಗುತ್ತವೆ.

ಮರಳುವ ಗಾಡಿಯಲ್ಲಿ ಎಲ್ಲವೂ ತಿರುಗಾಮುರುಗಾ. ಟೊಪ್ಪಿಗೆ ಮಥುರಾದಲ್ಲಿ, ಸ್ವೆಟರ್ ಭೋಪಾಲದಲ್ಲಿ ಚೀಲ ಸೇರಿದವು. ಬೆಳಗಾವಿಯಲ್ಲಿ ಕುಂದಾ ಮಾರುವವನ ದನಿ ಕೇಳಿ ಅಜ್ಜಿ ಎದ್ದು ಕೂತಳು. ಊರು ಮುಟ್ಟಿದ ಮೇಲೆ ಅಪ್ಪ ಶಿಮ್ಲಾದ ಸೇಬು ಹಿಡಿದು ಕ್ಯಾಂಪಿಗೆ ಹೋದಾಗ ನಾನೂ ಜೊತೆಗಿದ್ದೆ. ಹಿಮ ಹೇಗಿತ್ತು, ಎಷ್ಟು ಬಿದ್ದಿತ್ತು ಎಂದು ಮೋಲಾ ಕೇಳಬಹುದೆಂದು ನಾನು ಉತ್ತರ ಜೋಡಿಸಿಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

"ರಸ್ತಾ ಹೆಂಗದ?"

"ಚಲೋ ಐತಿ ಅವ್ವಾರ. ಬಸ್ಸು ಆರಾಮ ಹೋಗ್ತಾವು" ಎಂದ ಅಪ್ಪ.

ಮೋಲಾ ಸೇಬು ಮಡಿಲಿಗಿಟ್ಟುಕೊಂಡು, ಯಾವ ತಿರುವು, ಯಾವ ಸೇತುವೆ, ಗೋಡೆ ಕುಸಿದಿದೆಯೋ ಇಲ್ಲವೋ ಎಂದು ಒಂದೊಂದಾಗಿ ವಿಚಾರಿಸಿದಳು. ತಾವು ಸ್ಕೀ ಆಡಲು ಹೋದ ದಾರಿಗೆ ಕಲ್ಲು ಒಡೆದವರು ತಮ್ಮದೇ ತಾಲೂಕಿನಲ್ಲಿ ಕೂತಿರುವುದು ಎಷ್ಟು ಜನ ಪ್ರವಾಸಿಗರಿಗೆ ಗೊತ್ತಿದ್ದೀತು? ನಮಗೆ ಗೊತ್ತಿತ್ತು. ಆ ಪ್ರವಾಸದ ದೊಡ್ಡ ಗಳಿಕೆ ನನಗೆ ಅದೇ ಆಗಿತ್ತು.

ಈಗ ಹುಬ್ಬಳ್ಳಿಯಿಂದ ದೆಹಲಿಗೆ ನೇರ ವಿಮಾನ ಹಾರುತ್ತದೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಆಗಿದೆ, ಜಗತ್ತಿನಲ್ಲೇ ಅಷ್ಟು ಉದ್ದದ್ದು ಬೇರೆ ಇಲ್ಲ. 2025ರ ಜೂನಿನಲ್ಲಿ ಚಿನಾಬ್ ನದಿಯ ಮೇಲಿನ 359 ಮೀಟರ್ ಎತ್ತರದ ಸೇತುವೆ ತೆರೆದ ಮೇಲೆ ಕಟ್ರಾದಿಂದ ಶ್ರೀನಗರಕ್ಕೂ ರೈಲು ಹೋಗುತ್ತಿದೆ, ಅಂದರೆ ಗುಲ್ಮಾರ್ಗದ ಹಿಮದ ಸಮೀಪಕ್ಕೆ ಹಳಿ ಮುಟ್ಟಿದೆ. ಅಜ್ಜಿ ಇಲ್ಲ, ಮೋಲಾ ಇಲ್ಲ. ತಂಗಿಯ ಮಕ್ಕಳು ಹೋದ ಡಿಸೆಂಬರಿನಲ್ಲಿ ವಿಮಾನದಲ್ಲಿ ಹೋಗಿ, ಹಿಮ ನೋಡಿ, ವಾರದೊಳಗೆ ಮರಳಿದರು. ದಾರಿಯಲ್ಲಿ ಏನು ನೋಡಿದಿರಿ ಎಂದು ಕೇಳಿದೆ. ಮೋಡ ಎಂದರು. ಆ ಮಕ್ಕಳ ತಪ್ಪಿಲ್ಲ. ನರ್ಮದೆಯನ್ನು ತೋರಿಸಬೇಕಾದವರು ನಾವು.

ಎಲ್ಲರಿಗೂ ಸಮಯವಿಲ್ಲ ಎಂಬುದು ನನಗೆ ಗೊತ್ತು. ವಯಸ್ಸಾದವರಿಗೆ, ಆರೋಗ್ಯ ಸರಿಯಿಲ್ಲದವರಿಗೆ ವಿಮಾನವೇ ಒಳ್ಳೆಯದು. ಆದರೆ ಮೈಯಲ್ಲಿ ಕಸುವಿರುವ ಮನೆಯವರು, ಮಕ್ಕಳು ಇನ್ನೂ ಕಿಟಕಿಗಾಗಿ ಜಗಳಾಡುವ ವಯಸ್ಸಿನಲ್ಲಿರುವಾಗ, ಹೋಗುವ ದಾರಿಯನ್ನಾದರೂ ರೈಲಿನಲ್ಲಿ ಹೋಗಬೇಕು. ಎಸಿ ಡಬ್ಬಿಯ ಗಾಜು ಬೇಡ, ಕಿಟಕಿ ತೆರೆಯುವ ಸ್ಲೀಪರ್ ಡಬ್ಬಿಯೇ ಇರಲಿ. ಬುತ್ತಿ ಕಟ್ಟಿಕೊಳ್ಳಿ, ಎದುರಿನವರಿಗೆ ಸಾಲುವಷ್ಟು. ಸ್ವೆಟರ್ ಬೇಕಾದರೆ ಮುಂಡಗೋಡದ ಕ್ಯಾಂಪಿಗೆ ಬನ್ನಿ, ತೆಗೆದುಕೊಳ್ಳುವಾಗ ಅಲ್ಲಿಯ ಹಿರಿಯರನ್ನು ಅವರು ಬಂದ ದಾರಿಯ ಬಗ್ಗೆ ಕೇಳಿ. ಮತ್ತು ತಡಮಾಡಬೇಡಿ: ಮೊದಲು 120 ದಿನ ಮುಂಚೆ ಸಿಗುತ್ತಿದ್ದ ಟಿಕೆಟು ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ. ಸಂಕ್ರಾಂತಿ ಮುಗಿಸಿ ಹೊರಡುವವರು ನವೆಂಬರ್ ನಡುವಿನಲ್ಲೇ, ಭತ್ತ ಇನ್ನೂ ಗದ್ದೆಯಲ್ಲಿರುವಾಗಲೇ, ಬರ್ತು ಕಾಯ್ದಿರಿಸಿಬಿಡಬೇಕು.